ಸಿಡಿ ರಿಪ್ ಕೆಟ್ಟಾಗ, ಟ್ಯಾಗ್ ಚೌಕಚೌಕವಾಗಿ ಕಂಡಾಗ: ದೋಷ ಎಲ್ಲಿದೆ ಎಂದು ಹಿಡಿಯುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮನೆ, ಮಠ, ಭಜನಾ ಮಂಡಳಿಗಳ ಟ್ರಂಕುಗಳಲ್ಲಿ ಕುಳಿತಿರುವ ಸಿಡಿಗಳಲ್ಲಿ ಎರಡು ಬಗೆ. ಒಂದು, ದೊಡ್ಡ ಕಂಪನಿಗಳು ಅಚ್ಚು ಹಾಕಿಸಿ ಮಾರಿದ್ದು. ಇನ್ನೊಂದು, ಊರಿನ ಸ್ಟುಡಿಯೋದಲ್ಲಿ ಬರ್ನ್ ಮಾಡಿಸಿ ಜಾತ್ರೆಯಲ್ಲೋ ಪುರಾಣದ ಮಂಗಲದ ದಿನವೋ ಹಂಚಿದ್ದು: ದಾಸರ ಪದ, ತತ್ವಪದ, ಬಯಲಾಟ, ಬುರ್ರಕಥೆ, ಪ್ರವಚನ. ಈ ಎರಡನೆಯ ಬಗೆಯವು ಅಂಗಡಿಯಲ್ಲಿ ಮತ್ತೆ ಸಿಗುವುದಿಲ್ಲ. ಆದ್ದರಿಂದ ರಿಪ್, ಅಂದರೆ ಡಿಸ್ಕಿನ ಧ್ವನಿಯನ್ನು ಕಂಪ್ಯೂಟರಿನ ಫೈಲಾಗಿ ಇಳಿಸುವುದು, ಮೊದಲು ಸರಿಯಾಗಿ ಆಗಬೇಕು; ಟ್ಯಾಗಿನ, ಅಂದರೆ ಫೈಲಿನೊಳಗೆ ಬರೆಯುವ ಹಾಡು, ಹಾಡುಗಾರರ ಹೆಸರಿನ, ಮಾತು ಆಮೇಲೆ. ತಪ್ಪು ಟ್ಯಾಗನ್ನು ಹತ್ತು ವರ್ಷ ಬಿಟ್ಟು ಬೇಕಾದರೂ ತಿದ್ದಬಹುದು. ಕೆಟ್ಟ ರಿಪ್ ಗೊತ್ತಾಗುವ ಹೊತ್ತಿಗೆ ಡಿಸ್ಕೇ ಓದಲು ಬಾರದಂತಾಗಿದ್ದರೆ ಮಾಡುವುದಕ್ಕೇನೂ ಉಳಿಯುವುದಿಲ್ಲ.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಡಿಸ್ಕ್ ತೊಳೆದು, ಡ್ರೈವು ಬದಲಿಸಿ, ಸಾಫ್ಟ್‌ವೇರಿನ ಸೆಟ್ಟಿಂಗೂ ಮುಟ್ಟಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯದು, ಮುಂದಿನ ಡಿಸ್ಕಿಗೆ ಮತ್ತೆ ಮೊದಲಿಂದ ಶುರು.

ಡಿಸ್ಕ್ ಹಾಕಿದೆ, ಕಾಪಿ ಮಾಡಿದೆ, ಹಾಡೇ ಬರುತ್ತಿಲ್ಲ

ಫೋಲ್ಡರ್ ತೆರೆದು ಏನಿದೆ ನೋಡಿ. ‘ಟ್ರ್ಯಾಕ್01’ ಎಂಬಂಥ ಸಿಡಿಎ ಫೈಲುಗಳಿದ್ದು ಪ್ರತಿಯೊಂದರ ಗಾತ್ರ 44 ಬೈಟ್ ಎಂದಿದ್ದರೆ ಅದು ಆಡಿಯೋ ಸಿಡಿ. ಆ 44 ಬೈಟಿನಲ್ಲಿ ಹಾಡಿಲ್ಲ. ಡಿಸ್ಕಿನಲ್ಲಿ ಹಾಡು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬ ಗುರುತು ಮಾತ್ರ ಇದೆ. ಪೆನ್ ಡ್ರೈವಿಗೆ ಎಳೆದು ಹಾಕಿದರೆ ಆ ಗುರುತಷ್ಟೇ ಹೋಗುತ್ತದೆ. ಇದನ್ನು ರಿಪ್ಪೇ ಮಾಡಬೇಕು.

ಎಂಪಿ3 ಫೈಲುಗಳೇ ಕಂಡರೆ ಅದು ಡೇಟಾ ಡಿಸ್ಕ್, ನೂರಾರು ಹಾಡು ತುಂಬಿದ ಬಗೆಯದು. ಇದನ್ನು ರಿಪ್ಪರಿಗೆ ಕೊಡುವ ಅಗತ್ಯವಿಲ್ಲ, ಹಾಗೇ ಕಾಪಿ ಮಾಡಿ. ಅದನ್ನು ಫ್ಲ್ಯಾಕ್‌ಗೆ (ಧ್ವನಿ ಕಳೆಯದೆ ಕುಗ್ಗಿಸಿಡುವ ಫೈಲಿನ ಬಗೆ) ಬದಲಿಸಿದರೆ ಫೈಲು ದೊಡ್ಡದಾಗುತ್ತದೆ ಹೊರತು ಕಳೆದುಹೋದ ಧ್ವನಿ ಮರಳಿ ಬರುವುದಿಲ್ಲ. ‘ಎಂಪೆಗ್‌ಎವಿ’ ಎಂಬ ಫೋಲ್ಡರ್, ಅದರೊಳಗೆ .dat ಎಂದು ಕೊನೆಯಾಗುವ ಫೈಲುಗಳಿದ್ದರೆ ಅದು ವಿಸಿಡಿ, ಅಂದರೆ ವಿಡಿಯೋ ಸಿಡಿ. ನಾಟಕ, ಬಯಲಾಟದ ಡಿಸ್ಕುಗಳು ಹೆಚ್ಚಾಗಿ ಹೀಗಿರುತ್ತವೆ. ಅದರ ಧ್ವನಿ 224 ಕೆಬಿಪಿಎಸ್‌ನ ಎಂಪಿ2. ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರಿನಲ್ಲಿ ಮರು ಎನ್‌ಕೋಡ್ ಮಾಡದೆ ಧ್ವನಿಯ ಎಳೆಯನ್ನಷ್ಟೇ ಬಿಡಿಸಿಕೊಳ್ಳಬಹುದು.

ಏನೂ ಕಾಣದಿದ್ದರೆ, ಡಿಸ್ಕು ಬರ್ನ್ ಮಾಡಿದ್ದಾಗಿದ್ದರೆ, ಕೊನೆಗೆ ಕ್ಲೋಸ್ (ಫೈನಲೈಸ್) ಮಾಡದೆ ಬಿಟ್ಟಿರುವ ಸಾಧ್ಯತೆ ಇದೆ. ಓದುವ ಡ್ರೈವಿಗೆ ಅದು ಖಾಲಿ ಡಿಸ್ಕ್. ಬರೆಯುವ ಡ್ರೈವಿನಲ್ಲಿ, ಅಂದರೆ ರೈಟರಿನಲ್ಲಿ, ಹಾಕಿ ನೋಡಿ; ಅಲ್ಲಿ ಟ್ರ್ಯಾಕುಗಳು ಕಂಡರೆ ಮೊದಲು ಅಲ್ಲಿಂದಲೇ ರಿಪ್ ಮಾಡಿ. ಬರ್ನಿಂಗ್ ಸಾಫ್ಟ್‌ವೇರಿನಿಂದ ಫೈನಲೈಸ್ ಮಾಡುವುದು ಕೊನೆಯ ದಾರಿ. ಹಳೆಯ ಡಿಸ್ಕಿನ ಮೇಲೆ ಹೊಸದಾಗಿ ಬರೆಯುವ ಕೆಲಸ ಅದು, ನಡುವೆ ಕರೆಂಟು ಹೋದರೆ ಇದ್ದದ್ದೂ ಹೋಗುತ್ತದೆ.

ಟಕ್ ಟಕ್ ಸದ್ದು, ಹಾರುವಿಕೆ, ರಿಪ್ ನಡುವೆ ನಿಲ್ಲುವುದು

ಎಲ್ಲ ಡಿಸ್ಕುಗಳಲ್ಲೂ ಹೀಗಾದರೆ ದೋಷ ಡ್ರೈವಿನದು, ಇಲ್ಲವೇ ಅದಕ್ಕೆ ಸಿಗುವ ಕರೆಂಟಿನದು. ಒಂದೇ ಡಿಸ್ಕು ಎರಡು ಬೇರೆ ಡ್ರೈವುಗಳಲ್ಲಿ ಅದೇ ಜಾಗದಲ್ಲಿ ಕೆಟ್ಟರೆ ದೋಷ ಡಿಸ್ಕಿನದು. ಈ ಪರೀಕ್ಷೆ ಮಾಡದೆ ಡಿಸ್ಕನ್ನು ಉಜ್ಜಲು ಕೂರಬೇಡಿ.

ಡಿಸ್ಕಿನದೇ ಎಂದಾದರೆ ಯಾವ ಟ್ರ್ಯಾಕುಗಳು ಕೆಟ್ಟಿವೆ ಎಂಬುದೇ ಅರ್ಧ ಉತ್ತರ ಹೇಳುತ್ತದೆ. ಸಿಡಿಯನ್ನು ಒಳಗಿನಿಂದ ಹೊರಕ್ಕೆ ಓದಲಾಗುತ್ತದೆ, ಮೊದಲ ಹಾಡು ನಡುತೂತಿನ ಹತ್ತಿರ, ಕೊನೆಯದು ಅಂಚಿಗೆ. ಕೊನೆಯ ಎರಡು ಮೂರು ಹಾಡು ಮಾತ್ರ ಕೆಟ್ಟರೆ ಅಂಚಿನ ಬೆರಳಚ್ಚು, ಬಿಸಿಲಿಗೆ ಬಾಗಿದ ಡಿಸ್ಕು, ಅಥವಾ ಅಂಟಿಸಿದ ಲೇಬಲ್‌ನಿಂದ ತಪ್ಪಿದ ಸಮತೋಲ. ವೇಗ 4 ಅಥವಾ 8 ಪಟ್ಟಿಗೆ ಇಳಿಸಿ ಮತ್ತೊಮ್ಮೆ ನೋಡಿ, ಬಹಳಷ್ಟು ಸಲ ಅಷ್ಟೇ ಸಾಕು. ಮೊದಲ ಹಾಡೇ ಕೆಟ್ಟರೆ ನಡುತೂತಿನ ಸುತ್ತ ಬಿರುಕಿದೆಯೇ ನೋಡಿ. ಇದ್ದರೆ ಅದನ್ನು ವೇಗವಾಗಿ ತಿರುಗಿಸಲೇಬಾರದು, ಡ್ರೈವಿನೊಳಗೆ ಒಡೆದು ಚೂರಾಗಬಹುದು.

ಗೀರಿನ ದಿಕ್ಕೂ ಮುಖ್ಯ. ನಡುವಿನಿಂದ ಅಂಚಿಗೆ ಎಳೆದಂತಿರುವ ಗೀರು ಪ್ರತಿ ಸುತ್ತಿನಲ್ಲಿ ಒಂದು ಕ್ಷಣ ಮಾತ್ರ ಅಡ್ಡ ಬರುತ್ತದೆ, ಸಿಡಿಯೊಳಗಿನ ದೋಷ ತಿದ್ದುವ ವ್ಯವಸ್ಥೆ ಅದನ್ನು ತುಂಬಿಕೊಳ್ಳುತ್ತದೆ. ಸುತ್ತಿನ ಗುಂಟ ಸಾಗಿದ ಗೀರು ಅಪಾಯದ್ದು: ಹಾದಿಯ ಮೇಲೆ ಸುಮಾರು 2.5 ಮಿಲಿಮೀಟರ್‌ವರೆಗಿನ ಅಡ್ಡಿಯನ್ನಷ್ಟೇ ಆ ವ್ಯವಸ್ಥೆ ಪೂರ್ತಿ ತಿದ್ದಬಲ್ಲದು. ಅದರಿಂದಾಚೆ ಊಹೆಯ ಧ್ವನಿ ತುಂಬುತ್ತದೆ. ಈ ಊಹೆ ಕಿವಿಗೆ ಗೊತ್ತಾಗದಷ್ಟು ನಯವಾಗಿಯೂ ಇರಬಹುದು, ಹಾಗಾಗಿ ‘ಕೇಳಿದೆ, ಚೆನ್ನಾಗಿದೆ’ ಎಂಬುದು ಪರೀಕ್ಷೆಯಲ್ಲ.

ಬರಹ ಇರುವ ಮೇಲ್ಮೈಯನ್ನು ಹೆಚ್ಚು ಜೋಪಾನ ಮಾಡಬೇಕು. ಕೆಳಗಿನ ಹೊಳೆಯುವ ಬದಿಗೆ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬನೇಟ್ ಕಾವಲಿದೆ. ಮೇಲೆ, ಧ್ವನಿ ಕೂತಿರುವ ಪದರಕ್ಕೂ ಹೊರಗಿನ ಗಾಳಿಗೂ ನಡುವೆ ಇರುವುದು ತೆಳು ವಾರ್ನಿಷ್ ಮಾತ್ರ. ಬಲ್ಬಿನ ಮುಂದೆ ಹಿಡಿದಾಗ ಸೂಜಿಮೊನೆಯಂಥ ಬೆಳಕು ತೂರಿ ಬಂದರೆ ಆ ಜಾಗದ ಲೋಹವೇ ಹೋಗಿದೆ ಎಂದರ್ಥ. ತೊಳೆದರೂ ಉಜ್ಜಿದರೂ ಅದು ಬರುವುದಿಲ್ಲ. ಅಂಟಿಸಿದ ಕಾಗದದ ಲೇಬಲ್ ಉಬ್ಬಿದ್ದರೂ ಕೀಳಬೇಡಿ, ಲೋಹದ ಪದರವೂ ಅದರ ಜೊತೆಗೇ ಎದ್ದು ಬರುತ್ತದೆ.

ತೊಳೆಯುವುದು

ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳಿನಲ್ಲಿ ಅದಿರಿನ ಕಣಗಳಿರುತ್ತವೆ. ಪಾಲಿಕಾರ್ಬನೇಟಿಗಿಂತ ಅವು ಎಷ್ಟೋ ಗಟ್ಟಿ. ಒಣಬಟ್ಟೆಯಲ್ಲಿ ಒರೆಸಿದರೆ ಆ ಕಣಗಳೇ ಗೀರು ಎಳೆಯುತ್ತವೆ. ಮೊದಲು ನೀರು ಹರಿಸಿ ಧೂಳನ್ನು ತೇಲಿಸಿ ಬಿಡಿ. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಉಪ್ಪಿನ ಕಲೆ ಉಳಿಸುತ್ತದೆ. ಕುಡಿಯುವ ನೀರಿನ ಕ್ಯಾನಿನಿಂದ ಒಂದು ಚೊಂಬು ಸಾಕು. ಜಿಡ್ಡಿದ್ದರೆ ಪಾತ್ರೆ ತೊಳೆಯುವ ದ್ರವ ಒಂದು ಹನಿ, ಬೆರಳ ತುದಿಯಿಂದ ಮೆಲ್ಲಗೆ. ಮತ್ತೆ ನೀರು. ಕನ್ನಡಕದ ಬಟ್ಟೆ ಇಲ್ಲವೇ ಹಳೆಯ ಮೆತ್ತನೆ ಹತ್ತಿ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ, ಕಾರಣ ಮೇಲೆಯೇ ಬಂದಿದೆ. ಥಿನ್ನರ್, ಪೆಟ್ರೋಲ್, ಉಗುರಿನ ಬಣ್ಣ ತೆಗೆಯುವ ದ್ರವ ಪಾಲಿಕಾರ್ಬನೇಟನ್ನು ಮಬ್ಬಾಗಿಸುತ್ತವೆ.

ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಕಾರಿನೊಳಗಿದ್ದ ಡಿಸ್ಕನ್ನು ತಂದ ಕೂಡಲೇ ಹಾಕಬೇಡಿ, ನೆರಳಲ್ಲಿ ಮಟ್ಟಸವಾಗಿ ಇಟ್ಟು ಆರಲು ಬಿಡಿ. ಬರ್ನ್ ಮಾಡಿದ ಡಿಸ್ಕಿನಲ್ಲಿ ಧ್ವನಿ ಇರುವುದು ಬಣ್ಣದ ಪದರದಲ್ಲಿ, ಬಿಸಿಲು ಶಾಖ ಎರಡೂ ಅದನ್ನು ತಿನ್ನುತ್ತವೆ. ಹತ್ತಾರು ಡಿಸ್ಕು ಒಟ್ಟಿಗೆ ಮಾಡುವವರು ಬೆಳಗಿನ ತಂಪಿನಲ್ಲಿ ಕೂರುವುದು ಒಳ್ಳೆಯದು. ಗೀರಿನ ಡಿಸ್ಕನ್ನು ಮತ್ತೆ ಮತ್ತೆ ಓದುವಾಗ ಡ್ರೈವೇ ಕಾಯುತ್ತದೆ, ಕಾದ ಡ್ರೈವಿನಲ್ಲಿ ತಪ್ಪುಗಳು ಹೆಚ್ಚು.

ಡ್ರೈವು ಮತ್ತು ಕರೆಂಟು

ಲ್ಯಾಪ್‌ಟಾಪಿಗೆ ಸಿಕ್ಕಿಸುವ ತೆಳು ಯುಎಸ್‌ಬಿ ಡ್ರೈವು ತಿರುಗಲು ಶುರುಮಾಡಿ ‘ಟಿಕ್’ ಎಂದು ನಿಂತು ಮತ್ತೆ ಶುರುಮಾಡಿದರೆ ಕರೆಂಟು ಸಾಲುತ್ತಿಲ್ಲ. ಯುಎಸ್‌ಬಿ 2 ಪೋರ್ಟಿನ ಮಿತಿ 500 ಮಿಲಿ ಆಂಪಿಯರ್, ಯುಎಸ್‌ಬಿ 3ರದು 900. ಹಬ್ ಬಿಟ್ಟು ನೇರವಾಗಿ ಪೋರ್ಟಿಗೆ ಹಾಕಿ, ಎರಡು ತಲೆಯ ಕೇಬಲ್ ಇದ್ದರೆ ಎರಡನ್ನೂ ಹಾಕಿ. ಹಳೆಯ ಕಂಪ್ಯೂಟರ್ ಬಿಚ್ಚಿ ಮಾರುವ ಅಂಗಡಿಗಳಲ್ಲಿ ಡೆಸ್ಕ್‌ಟಾಪಿನ ಸಾಟಾ ಡಿವಿಡಿ ರೈಟರ್ ಅಗ್ಗಕ್ಕೆ ಸಿಗುತ್ತದೆ, ಎರಡನೆಯ ಡ್ರೈವಾಗಿ ಅದೇ ಉತ್ತಮ. ಕೊಳ್ಳುವಾಗ ಗಮನಿಸಿ: ಅದಕ್ಕೆ 5 ವೋಲ್ಟ್, 12 ವೋಲ್ಟ್ ಎರಡೂ ಬೇಕು. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿಗೆಂದು ಮಾರುವ, ಪ್ರತ್ಯೇಕ ಅಡಾಪ್ಟರಿಲ್ಲದ ಸಾಟಾ ಕೇಬಲ್ಲಿನಲ್ಲಿ 12 ವೋಲ್ಟ್ ಬರುವುದಿಲ್ಲ, ಡ್ರೈವು ಅಲುಗಾಡುವುದೂ ಇಲ್ಲ.

ರಿಪ್ ಮುಗಿದಿದೆ, ನಂಬಬಹುದೇ

ರಿಪ್ ಮಾಡುವ ಸಾಫ್ಟ್‌ವೇರ್: ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಅಥವಾ ಕ್ಯೂರಿಪ್ಪರ್, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಿ ವ್ಹಿಪ್ಪರ್. ಮೀಡಿಯಾ ಪ್ಲೇಯರಿನ ಒಂದೇ ಗುಂಡಿಯ ರಿಪ್ಪು ತಪ್ಪನ್ನು ವರದಿ ಮಾಡುವುದಿಲ್ಲ, ಕಾಪಾಡಿ ಇಡುವ ಡಿಸ್ಕಿಗೆ ಅದು ಸಲ್ಲ. ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ‘ಕಾಪಿ ಪ್ರೊಟೆಕ್ಟ್’ ಗುರುತು ಇದ್ದಾಗ ಮಾಡಿದ ಡಬ್ಲ್ಯುಎಂಎ ಫೈಲುಗಳು ಬೇರೆ ಕಂಪ್ಯೂಟರಿನಲ್ಲಿ ಲೈಸೆನ್ಸ್ ಕೇಳುತ್ತಾ ನಿಲ್ಲುತ್ತವೆ. ಡಿಸ್ಕ್ ಇನ್ನೂ ಇದ್ದರೆ ಹೊಸದಾಗಿ ರಿಪ್ ಮಾಡುವುದೇ ಸುಲಭ.

ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ಡ್ರೈವ್ ಆಪ್ಷನ್ಸ್‌ಗೆ ಹೋಗಿ ಸೆಕ್ಯೂರ್ ಮೋಡ್ ಆರಿಸಿ, ‘ಡ್ರೈವ್ ಆಡಿಯೋ ಡೇಟಾವನ್ನು ಕ್ಯಾಶ್ ಮಾಡುತ್ತದೆ’ ಎಂಬುದಕ್ಕೆ ಗುರುತು ಹಾಕಿ, ಸಿ2 ಪಾಯಿಂಟರಿನ (ಓದುವಾಗಿನ ತಪ್ಪನ್ನು ಡ್ರೈವೇ ಹೇಳುವ ಸೌಲಭ್ಯ) ಗುರುತು ತೆಗೆಯಿರಿ. ಕ್ಯಾಶ್ ಗುರುತು ಇಲ್ಲದಿದ್ದರೆ ಸಾಫ್ಟ್‌ವೇರ್ ಎರಡನೆಯ ಸಲ ಓದಿಸಿದಾಗ ಡ್ರೈವು ಡಿಸ್ಕನ್ನು ಮುಟ್ಟದೆ ತನ್ನ ನೆನಪಿನಲ್ಲಿದ್ದ ಮೊದಲ ಓದನ್ನೇ ಕೊಡಬಹುದು. ಎರಡೂ ತಾಳೆಯಾಗುತ್ತವೆ, ತಪ್ಪು ಹಾಗೇ ಉಳಿಯುತ್ತದೆ. ಎರರ್ ರಿಕವರಿಯನ್ನು ‘ಹೈ’ಗೆ ಇಟ್ಟರೆ ಕೆಟ್ಟ ಜಾಗವೊಂದನ್ನು 82 ಸಲದವರೆಗೆ ಓದುತ್ತದೆ. ಗೀರಿನ ಡಿಸ್ಕಿಗೆ ತಾಸುಗಟ್ಟಲೆ ಹಿಡಿಯುವುದು ಇದಕ್ಕೇ, ಹ್ಯಾಂಗ್ ಆಗಿದೆ ಎಂದು ಮುಚ್ಚಬೇಡಿ.

ಅಚ್ಚಾದ ಜನಪ್ರಿಯ ಡಿಸ್ಕುಗಳಿಗೆ ಆಕ್ಯುರೇಟ್‌ರಿಪ್ ಎಂಬ ಸಂಗ್ರಹವಿದೆ, ಬೇರೆಯವರ ರಿಪ್ಪಿನ ಲೆಕ್ಕದ ಜೊತೆ ನಿಮ್ಮದನ್ನು ಹೋಲಿಸಿ ಹೇಳುತ್ತದೆ. ಊರಿನ ಸ್ಟುಡಿಯೋದ ಡಿಸ್ಕಿಗೆ ‘ನಾಟ್ ಪ್ರೆಸೆಂಟ್’ ಎಂದೇ ಬರುತ್ತದೆ. ಅದು ದೋಷವಲ್ಲ. ಅಂಥದಕ್ಕೆ ‘ಟೆಸ್ಟ್ ಅಂಡ್ ಕಾಪಿ’ ಬಳಸಿ: ಒಂದು ಸಲ ಓದಿ ಸಿಆರ್‌ಸಿ (ಓದಿದ ಧ್ವನಿಯಿಂದ ಕಟ್ಟುವ ತಾಳೆ ಸಂಖ್ಯೆ) ಲೆಕ್ಕ ಹಾಕುತ್ತದೆ, ಇನ್ನೊಂದು ಸಲ ಓದಿ ಫೈಲು ಮಾಡುತ್ತದೆ. ಲಾಗ್‌ನಲ್ಲಿ ಎರಡೂ ಸಿಆರ್‌ಸಿ ಒಂದೇ ಆಗಿದ್ದರೆ ಆ ಟ್ರ್ಯಾಕು ಸರಿ. ಟ್ರ್ಯಾಕ್ ಕ್ವಾಲಿಟಿ 99.7 ಎಂದು ಬಂದರೆ ಹೆದರಬೇಡಿ, ಕೆಲವು ಕಡೆ ಮರು ಓದಬೇಕಾಯಿತು ಎಂದಷ್ಟೇ ಅದರ ಅರ್ಥ. ಹೆದರಬೇಕಾದದ್ದು ‘ಸಸ್ಪಿಷಿಯಸ್ ಪೊಸಿಷನ್’ಗೆ: ಅದು ತೋರಿಸುವ ನಿಮಿಷ ಸೆಕೆಂಡಿಗೆ ಹೋಗಿ ಹೆಡ್‌ಫೋನಿನಲ್ಲಿ ಕೇಳಿ, ಆ ಒಂದು ಟ್ರ್ಯಾಕನ್ನು ಬೇರೆ ಡ್ರೈವಿನಲ್ಲಿ ಮಾಡಿ.

ಎರಡು ಡ್ರೈವುಗಳ ಸಿಆರ್‌ಸಿ ಬೇರೆಬೇರೆ ಬಂದು ಧ್ವನಿ ಮಾತ್ರ ಶುದ್ಧವಾಗಿದ್ದರೆ ಅದು ಆಫ್‌ಸೆಟ್ಟಿನ ವ್ಯತ್ಯಾಸ. ಪ್ರತಿ ಮಾದರಿಯ ಡ್ರೈವು ಹಾಡಿನ ಆರಂಭವನ್ನು ಒಂದಿಷ್ಟು ಸ್ಯಾಂಪಲ್ (ಧ್ವನಿಯ ಅತಿ ಸಣ್ಣ ತುಣುಕು) ಆಚೀಚೆ ಹಿಡಿಯುತ್ತದೆ. ಆಫ್‌ಸೆಟ್ 667 ಇದ್ದರೂ ಅದು ಸೆಕೆಂಡಿನ 1000ದಲ್ಲಿ 15 ಭಾಗ, ಕಿವಿಗೆ ತಿಳಿಯದು. ಹೋಲಿಕೆ ಮಾಡುವಾಗ ಮಾತ್ರ ಅಡ್ಡ ಬರುತ್ತದೆ. ಅದನ್ನು ಗೊತ್ತುಮಾಡಲು ಆಕ್ಯುರೇಟ್‌ರಿಪ್‌ನಲ್ಲಿ ಇರುವ, ಅಚ್ಚಾದ ಹೆಸರುವಾಸಿ ಸಿನಿಮಾ ಹಾಡುಗಳ ಎರಡು ಮೂರು ಡಿಸ್ಕು ಬೇಕು. ಬರ್ನ್ ಮಾಡಿದ್ದು ಈ ಕೆಲಸಕ್ಕೆ ಬಾರದು.

ಒಂದು ತಾಸಿನ ಸಿಡಿ ವೇವ್ ರೂಪದಲ್ಲಿ ಸುಮಾರು 635 ಎಂಬಿ. ಫ್ಲ್ಯಾಕ್ ಮಾಡಿದರೆ ಸಾಮಾನ್ಯವಾಗಿ ಅದರ ಅರ್ಧದಿಂದ ಮೂರರಲ್ಲಿ ಎರಡು ಪಾಲು. ಫ್ಲ್ಯಾಕ್‌ನ ಕುಗ್ಗಿಸುವ ಮಟ್ಟ 5 ಆಗಲಿ 8 ಆಗಲಿ ಧ್ವನಿಯಲ್ಲಿ ಭೇದವಿಲ್ಲ, ಗಾತ್ರ ತುಸು ಬದಲಾಗುತ್ತದೆ. ಫ್ಲ್ಯಾಕ್ ಇಟ್ಟುಕೊಂಡು ಕಾರಿಗೆ, ಫೋನಿಗೆ ಬೇಕಾದಾಗ ಅದರಿಂದ ಎಂಪಿ3 ಮಾಡಿ. ನೇರ ಎಂಪಿ3 ಮಾಡಿದರೆ ಇನ್ನೊಂದು ತೊಡಕೂ ಇದೆ: ಎಂಪಿ3 ಫೈಲಿನ ಹಿಂದೆ ಮುಂದೆ ಒಂದಿಷ್ಟು ಖಾಲಿ ಸೇರುತ್ತದೆ. ಹರಿಕಥೆ, ಪ್ರವಚನ, ಆಲಾಪದಿಂದ ಬಂದಿಶಿಗೆ ಹರಿಯುವ ಹಾಡುಗಾರಿಕೆ ಟ್ರ್ಯಾಕಿನಿಂದ ಟ್ರ್ಯಾಕಿಗೆ ಹೋಗುವಾಗ ಕಡಿದಂತಾಗುವುದು ಇದರಿಂದ. ಆದರೆ ಸರಿಯಾಗಿ ಎರಡು ಸೆಕೆಂಡಿನ ಮೌನವಿದ್ದರೆ ರಿಪ್ಪನ್ನು ಶಂಕಿಸಬೇಡಿ. ಬರ್ನ್ ಮಾಡಿದವರು ಟ್ರ್ಯಾಕ್ ಅಟ್ ಒನ್ಸ್ ವಿಧಾನದಲ್ಲಿ, ಅಂದರೆ ಒಂದೊಂದು ಹಾಡನ್ನೂ ಬೇರೆಯಾಗಿ ನಿಲ್ಲಿಸಿ, ಬರೆದಿದ್ದಾರೆ.

ಹಾಗೆಯೇ ಹಿಸ್ಸೆಂಬ ಸದ್ದು, ಒಂದೇ ಕಿವಿಯಲ್ಲಿ ಧ್ವನಿ, ಶ್ರುತಿ ಏರಿದಂತೆ ಕೇಳುವುದು: ಕ್ಯಾಸೆಟ್ಟಿನಿಂದ ಇಳಿಸಿದ ಡಿಸ್ಕಿನ ಲಕ್ಷಣ ಇವು. ಮೂಲ ಫೈಲನ್ನು ಮುಟ್ಟದೆ ಬೇರೆ ಪ್ರತಿಯಲ್ಲಿ ತಿದ್ದಿ. ಸ್ಪೆಕ್ ಎಂಬ ಸಾಫ್ಟ್‌ವೇರಿನಲ್ಲಿ ನೋಡಿದಾಗ ಚಿತ್ರ 16 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿದಂತೆ ನಿಂತರೆ ಎಂಪಿ3ಯಿಂದಲೇ ಆಡಿಯೋ ಸಿಡಿ ಮಾಡಿರುವ ಸಂಭವ ಹೆಚ್ಚು.

ಟ್ಯಾಗು: ದಾಸರ ಪದಕ್ಕೆ ಜರ್ಮನ್ ಹೆಸರು ಬಂದಾಗ

ಸಿಡಿಯಲ್ಲಿ ಸಾಮಾನ್ಯವಾಗಿ ಹಾಡಿನ ಹೆಸರಿರುವುದಿಲ್ಲ. ಸಾಫ್ಟ್‌ವೇರ್ ಟ್ರ್ಯಾಕುಗಳ ಸಂಖ್ಯೆ, ಉದ್ದಗಳಿಂದ ಒಂದು ಗುರುತು ಕಟ್ಟಿ ಇಂಟರ್ನೆಟ್ಟಿನಲ್ಲಿ ಹುಡುಕುತ್ತದೆ. ಫ್ರೀಡಿಬಿ ಎಂಬ ಹಳೆಯ ಇಂಟರ್ನೆಟ್ ಸಂಗ್ರಹದ ಬಗೆಯ ಗುರುತು ಬೇರೆ ಡಿಸ್ಕಿನದರ ಜೊತೆ ತಾಳೆಯಾಗಿಬಿಡಬಹುದು, ಆಗ ಯಾವುದೋ ದೇಶದ ಆಲ್ಬಂ ಬರುತ್ತದೆ. ಫ್ರೀಡಿಬಿ 2020ರಲ್ಲಿ ಮುಚ್ಚಿತು. ಹಳೆಯ ಸಾಫ್ಟ್‌ವೇರಿನಲ್ಲಿ ‘ಸರ್ವರ್ ಸಿಗುತ್ತಿಲ್ಲ’ ಎಂದರೆ ಆ ವಿಳಾಸವೇ ಉಳಿದಿದೆ. ಬಂದದ್ದನ್ನು ಒಪ್ಪುವ ಮೊದಲು ಕವರಿನ ಜೊತೆ ಹೋಲಿಸಿ. ಏನೂ ಬಾರದಿದ್ದರೆ ಕೈಯಿಂದ ತುಂಬಿ, ಮ್ಯೂಸಿಕ್‌ಬ್ರೇನ್ಜ್ ಎಂಬ ಇಂಟರ್ನೆಟ್ ಸಂಗ್ರಹದಲ್ಲಿ ಸೇರಿಸಿ. ಅದೇ ಡಿಸ್ಕು ಇರುವ ಇನ್ನೊಬ್ಬರಿಗೆ ಆ ಶ್ರಮ ಉಳಿಯುತ್ತದೆ.

ಕೈಯಿಂದ ತುಂಬುವಾಗ ಆರ್ಟಿಸ್ಟ್ ಜಾಗಕ್ಕೆ ಹಾಡಿದವರು, ಕಂಪೋಸರ್ ಜಾಗಕ್ಕೆ ಪದ ಬರೆದವರು. ಲಿರಿಸಿಸ್ಟ್ ಎಂಬ ಜಾಗವೂ ಇದೆ, ಆದರೆ ಬಹಳ ಪ್ಲೇಯರುಗಳು ತೋರಿಸುವುದಿಲ್ಲ, ಎರಡರಲ್ಲೂ ಬರೆಯಿರಿ. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ದಾಸರ ಪದವಾದರೆ ಆರ್ಟಿಸ್ಟ್ ಅವರು. ಕವರಿನಲ್ಲಿ ‘ಸಾಂಪ್ರದಾಯಿಕ’ ಎಂದಷ್ಟೇ ಇದ್ದರೆ ಕೊನೆಯ ನುಡಿ ಕೇಳಿ, ಅಂಕಿತದಲ್ಲಿ ಉತ್ತರವಿರುತ್ತದೆ. ವಿಜಯವಿಠಲ ಎಂದರೆ ಚೀಕಲಪರ್ವಿಯ ವಿಜಯದಾಸರು. ಗೋಪಾಲವಿಠಲ, ಮೊಸರಕಲ್ಲಿನ ಗೋಪಾಲದಾಸರು. ಜಗನ್ನಾಥವಿಠಲ, ಮಾನ್ವಿಯ ಜಗನ್ನಾಥದಾಸರು; ಆದರೆ ಮುಂದೆ ‘ಗುರು’ ಸೇರಿ ಗುರುಜಗನ್ನಾಥವಿಠಲ ಎಂದಿದ್ದರೆ ಅವರು ಬೇರೆ, ಗುರುಜಗನ್ನಾಥದಾಸರು. ಪ್ರಾಣೇಶವಿಠಲ, ಲಿಂಗಸುಗೂರಿನ ಪ್ರಾಣೇಶದಾಸರು. ಭೀಮೇಶಕೃಷ್ಣ ಎಂದು ಬಂದರೆ ಹರಪನಹಳ್ಳಿ ಭೀಮವ್ವ. ಎಲ್ಲವನ್ನೂ ‘ಪುರಂದರದಾಸ’ ಎಂದು ತುಂಬಿದ ಫೈಲುಗಳು ತುಂಬಾ ಓಡಾಡುತ್ತಿವೆ. ನಮ್ಮ ನೆಲದ ದಾಸರ ಹೆಸರೇ ಅಳಿಸಿಹೋಗುವ ತಪ್ಪು ಅದು, ದಯವಿಟ್ಟು ಒಂದು ನಿಮಿಷ ಕೇಳಿ ತುಂಬಿ.

ಒಂದೇ ಆಲ್ಬಮ್ಮು ಹತ್ತು ಚೂರಾಗಿ ಕಂಡರೆ ಪ್ರತಿ ಹಾಡಿಗೆ ಗಾಯಕರು ಬೇರೆ ಇದ್ದಾರೆ, ಆಲ್ಬಂ ಆರ್ಟಿಸ್ಟ್ ಖಾಲಿ ಇದೆ. ಎಲ್ಲ ಟ್ರ್ಯಾಕಿಗೂ ಅಲ್ಲಿ ಒಂದೇ ಹೆಸರು, ಮಂಡಳಿಯದೋ ‘ವಿವಿಧ ಗಾಯಕರು’ ಎಂದೋ, ಹಾಕಿ.

ಕನ್ನಡ ಚೌಕ, ಪ್ರಶ್ನೆಚಿಹ್ನೆ, ಟೋಪಿ ಅಕ್ಷರ

ಈ ಮೂರೂ ಬೇರೆ ಬೇರೆ ರೋಗ. ಚೌಕ ಕಂಡರೆ ಫೈಲು ಸರಿ ಇದೆ, ಪ್ಲೇಯರಿನಲ್ಲಿ ಕನ್ನಡ ಫಾಂಟಿಲ್ಲ. ಅನೇಕ ಕಾರ್ ಸ್ಟೀರಿಯೋಗಳದ್ದು ಇದೇ ಕಥೆ. ಕಾರಿನ ಪೆನ್ ಡ್ರೈವಿಗೆಂದೇ ಇಂಗ್ಲಿಷ್ ಲಿಪಿಯ ಟ್ಯಾಗಿನ ಎಂಪಿ3 ಪ್ರತಿ ಮಾಡಿ, ಮೂಲ ಫ್ಲ್ಯಾಕ್‌ನಲ್ಲಿ ಕನ್ನಡವೇ ಇರಲಿ.

ಪ್ರಶ್ನೆಚಿಹ್ನೆಗಳ ಸಾಲು ಬಂದರೆ ಅಕ್ಷರವೇ ನಾಶವಾಗಿದೆ. ಐಡಿ3 ವಿ1 ಎಂಬ ಹಳೆಯ ಟ್ಯಾಗಿನಲ್ಲಿ ಹೆಸರಿಗೆ 30 ಬೈಟ್ ಜಾಗ, ಅದರಲ್ಲಿ ಕನ್ನಡಕ್ಕೆ ಎಡೆಯಿಲ್ಲ. ಎಂಪಿ3ಟ್ಯಾಗ್ ಎಂಬ ಟ್ಯಾಗ್ ತಿದ್ದುವ ಸಾಫ್ಟ್‌ವೇರಿನ ಆಪ್ಷನ್ಸ್‌ನಲ್ಲಿ ಐಡಿ3 ವಿ2.3, ಯುಟಿಎಫ್-16 ಆರಿಸಿ, ವಿ1 ಮತ್ತು ಎಪಿಇ ಟ್ಯಾಗುಗಳನ್ನು ಅಳಿಸುವಂತೆ ಹೇಳಿ, ಕನ್ನಡವನ್ನು ಹೊಸದಾಗಿ ತುಂಬಿ. ತಿದ್ದಿದ ಮೇಲೂ ಹಳೆಯ ಹೆಸರೇ ಕಂಡರೆ ಒಳಗೆ ಉಳಿದ ವಿ1 ಅಥವಾ ಎಪಿಇಯನ್ನು ಪ್ಲೇಯರು ಓದುತ್ತಿದೆ. ವಿ2.4ಕ್ಕೆ ಹಳೆಯ ಪ್ಲೇಯರುಗಳು ತಲೆ ಕೆಡಿಸಿಕೊಳ್ಳುವುದಿಲ್ಲ, ಟ್ಯಾಗೇ ಇಲ್ಲವೆಂಬಂತೆ ಬಿಡುತ್ತವೆ.

ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು ಬಂದರೆ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಇದು ನಾಶವಾಗಿಲ್ಲ. ಟ್ಯಾಗುಗಳನ್ನು ಪಠ್ಯ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ, ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಯಿಸಿ ಮರಳಿ ತುಂಬಿ.

ಕಣ್ಣಿಗೆ ಒಂದೇ ಹೆಸರು, ಪಟ್ಟಿಯಲ್ಲಿ ಮಾತ್ರ ಎರಡು ಸಲ ಬಂದರೆ ಒಳಗಿನ ಅಕ್ಷರ ಬೇರೆ. ‘ಪಂ’ ಎಂದು ಬರೆಯುವಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿ ‘ಪ೦’ ಮಾಡಿರುವುದು ಅತಿ ಸಾಮಾನ್ಯ. ಎರಡನ್ನೂ ಒಟ್ಟಿಗೆ ಇಟ್ಟರೂ ಭೇದ ಕಾಣುವುದು ಕಷ್ಟ. ಎಂಪಿ3ಟ್ಯಾಗ್‌ನ ಆಕ್ಷನ್ಸ್‌ನಲ್ಲಿ ಸೊನ್ನೆ ಹುಡುಕಿ ಅನುಸ್ವಾರಕ್ಕೆ ಬದಲಿಸಿ. ‘ಆಚಾರ್ಯ’ ಮತ್ತು ‘ಆಚಾರ‍್ಯ’ ನಡುವೆ ಇರುವುದು ಕಾಣದ ಒಂದು ಜೋಡಕ. ವಿಠಲ, ವಿಠ್ಠಲ ಎರಡೂ ಬಳಕೆಯಲ್ಲಿವೆ. ಯಾವುದಾದರೂ ಒಂದನ್ನು ಹಿಡಿಯಿರಿ.

ಟ್ರ್ಯಾಕ್ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಬರೆದರೆ ಪ್ಲೇಯರು ಅದನ್ನು ಸಂಖ್ಯೆ ಎಂದೇ ಎಣಿಸುವುದಿಲ್ಲ. 01, 02 ಎಂದೇ ಇರಲಿ. ಫೈಲಿನ ಹೆಸರಿಗೆ ಹಾಡಿನ ಮೊದಲ ಸಾಲು ಪೂರ್ತಿ ಹಾಕುವವರು ಲಿನಕ್ಸ್‌ಗೆ ಒಯ್ಯುವಾಗ ‘ಹೆಸರು ಉದ್ದವಾಯಿತು’ ಎಂಬ ತಕರಾರು ಕಾಣುತ್ತಾರೆ: ಮಿತಿ 255 ಬೈಟ್, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಗುಣಿತ ಒತ್ತು ಎಲ್ಲ ಬೇರೆ ಬೇರೆ ಎಣಿಕೆ, ಅಂದರೆ 85 ಚಿಹ್ನೆಗೆ ಮುಗಿಯಿತು. ಉದ್ದ ಹೆಸರು ಟ್ಯಾಗಿನಲ್ಲಿರಲಿ, ಫೈಲಿಗೆ ಮೊದಲ ಎರಡು ಮೂರು ಪದ ಸಾಕು.

ಕಾರಿನಲ್ಲಿ ಕ್ರಮ ತಪ್ಪಿದಾಗ

ಪೆನ್ ಡ್ರೈವನ್ನೇ ಗುರುತಿಸದಿದ್ದರೆ ಅದು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿರಬಹುದು, ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ. ಹಾಡು ಬಂದು ಕವರಿನ ಚಿತ್ರ ಬಾರದಿದ್ದರೆ ಚಿತ್ರವನ್ನು 500 ಪಿಕ್ಸೆಲ್ ಚೌಕಕ್ಕೆ ಇಳಿಸಿ, ಪ್ರೊಗ್ರೆಸಿವ್ ಅಲ್ಲದ ಸಾದಾ ಜೆಪೆಗ್ ಆಗಿ ಉಳಿಸಿ. ಟ್ಯಾಗು, ಸಂಖ್ಯೆ ಎಲ್ಲ ಸರಿಯಿದ್ದೂ 7ನೇ ಹಾಡು ಮೊದಲು ಬಂದರೆ ಆ ಸ್ಟೀರಿಯೋ ಹೆಸರನ್ನಾಗಲಿ ಟ್ಯಾಗನ್ನಾಗಲಿ ನೋಡುತ್ತಿಲ್ಲ, ಪೆನ್ ಡ್ರೈವಿಗೆ ಬರೆದ ಕ್ರಮದಲ್ಲಿ ನುಡಿಸುತ್ತಿದೆ. ಟ್ಯಾಗನ್ನು ಇನ್ನೆಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಫ್ಯಾಟ್‌ಸಾರ್ಟ್ ಅಥವಾ ಡ್ರೈವ್‌ಸಾರ್ಟ್ ಎಂಬ ಸಾಫ್ಟ್‌ವೇರ್ ಓಡಿಸಿ ಪಟ್ಟಿಯ ಕ್ರಮ ಸರಿಮಾಡಿ, ಇಲ್ಲವೇ ಪೆನ್ ಡ್ರೈವನ್ನು ಖಾಲಿ ಮಾಡಿ ಫೈಲುಗಳನ್ನು 01ರಿಂದ ಒಂದೊಂದಾಗಿ ಕಾಪಿ ಮಾಡಿ, ಕೊನೆಯಲ್ಲಿ ಇಜೆಕ್ಟ್ ಕೊಟ್ಟೇ ತೆಗೆಯಿರಿ.